ಪಟ್ಟು ಬಿಟ್ಟು ಕಾದವನು

ನಾನು ನಿಂತಿದ್ದದ್ದು ಕಡೂರು ಸ್ಟೇಷನ್ನಿನ ಹಿಂದಿನ ಬಯಲಲ್ಲಿ, ಕುಸ್ತಿಗಾಗಿ ಹಾಸಿದ್ದ ಕೆಮ್ಮಣ್ಣಿನ ಮಟ್ಟಿಯ ಪಡುವಣ ಮೂಲೆಯಲ್ಲಿ. ಕಾಲ ಬಳಿ ನೀರಿನ ಗಡಿಗೆ, ಕೈಯಲ್ಲಿ ಒಣ ಮಣ್ಣಿನ ಪುಟ್ಟಿ, ಹೆಗಲ ಮೇಲೆ ನಮ್ಮ ಪೈಲ್ವಾನನ ಪಂಚೆ ಮತ್ತು ಅಂಗಿ. ಸಂಕ್ರಾಂತಿ ಕಳೆದ ಮೇಲಿನ ಭಾನುವಾರ. ಪ್ಲೇಗಿಗೆ ಹೆದರಿ ಊರಾಚೆಯ ಗುಡಿಸಲು ಸೇರಿದ್ದ ಜನ ಮತ್ತೆ ಮನೆಗಳಿಗೆ ಮರಳಿದ ವರ್ಷ. ಮಧ್ಯಾಹ್ನದ ಗಾಡಿ ಬೀರೂರಿನ ಕಡೆಗೆ ಹೋಗಿ ಸ್ವಲ್ಪ ಹೊತ್ತಾಗಿತ್ತು. ಬಿಸಿಲು ನನ್ನ ಬೆನ್ನಿಗಿತ್ತು, ಕಣ್ಣಿಗೆ ಹೊಡೆಯುತ್ತಿರಲಿಲ್ಲ. ಅಜ್ಜಂಪುರದ ಪೈಲ್ವಾನನ ಬಲಗೈ ನೆಲಕ್ಕೆ ಬಿದ್ದಾಗ ಅದಕ್ಕೂ ನನಗೂ ನಡುವೆ ಒಂದು ಮಾರು ಜಾಗವಿದ್ದಿರಬೇಕು. ಅಡ್ಡ ಯಾರೂ ಇರಲಿಲ್ಲ.

ಆ ಕೈ ಯಾಕೆ ಬಿತ್ತು ಎಂಬ ಒಂದು ಮಾತಿಗೆ ಆಮೇಲೆ ತಲೆಗಳು ಒಡೆದವು. ತರೀಕೆರೆಯಲ್ಲಿ ಈಗಲೂ ನನ್ನನ್ನು ಉಂಡ ಮನೆಗೆ ಎರಡು ಬಗೆದವನು ಎನ್ನುವವರಿದ್ದಾರೆ. ಆದ್ದರಿಂದ ಎಲ್ಲಿ ನಿಂತಿದ್ದೆ ಎಂಬುದನ್ನು ಮೊದಲು ಹೇಳಿದೆ.

ನಾನು ತರೀಕೆರೆ ಗರಡಿಯ ಕಡೆಯವನು. ಆದರೂ ಅಜ್ಜಂಪುರದವನ ಮೂಲೆಯಲ್ಲಿ ನಿಂತಿದ್ದೆ. ನಮ್ಮ ಸೀಮೆಯ ಪದ್ಧತಿ ಹಾಗೆ. ಪೈಲ್ವಾನನಿಗೆ ದಿನವೂ ಎದುರು ನಿಂತು ತಾಲೀಮು ಮಾಡಿಸುವ ಜೋಡಿಯನ್ನು ಕುಸ್ತಿಯ ದಿನ ಅವನ ಹತ್ತಿರ ಬಿಡುವುದಿಲ್ಲ; ಕೆಮ್ಮಿದರೂ ಸನ್ನೆಯಾದೀತು ಎಂದು. ಎರಡು ಕಡೆಯ ಜೋಡಿಗಳೂ ಅದಲು ಬದಲಾಗಿ ಎದುರಾಳಿಯ ಮೂಲೆಯಲ್ಲಿ ನಿಂತು ಅವನಿಗೆ ನೀರು, ಮಣ್ಣು ಕೊಡಬೇಕು; ತಮ್ಮವನ ಬಟ್ಟೆ ಇಸಿದುಕೊಳ್ಳುವುದೊಂದೇ ಆ ದಿನ ತಮ್ಮವನಿಗೆ ಮಾಡುವ ಕೆಲಸ.

ನನ್ನನ್ನು ಆ ಕೆಲಸಕ್ಕೆ ಕರೆದದ್ದು ಹಿಂದಿನ ಮಳೆಗಾಲದಲ್ಲಿ. ನಾನಾಗ ಕಡೂರು ಸ್ಟೇಷನ್ನಿನಲ್ಲಿ ಕೊಬ್ಬರಿ ಮೂಟೆ ಹೊರುತ್ತಿದ್ದೆ, ಬೆಳಿಗ್ಗೆ ಊರ ಗರಡಿಯಲ್ಲಿ ಸಾಮು ಮಾಡುತ್ತಿದ್ದೆ. ತರೀಕೆರೆ ಗರಡಿಯ ಗುರುಗಳು, ಎಲ್ಲರೂ ವಸ್ತಾದರು ಎನ್ನುತ್ತಿದ್ದ ಮುದುಕರು, ಒಂದು ದಿನ ಗಾಡಿ ಇಳಿದು ನೇರವಾಗಿ ನನ್ನ ಮೂಟೆಯ ಮುಂದೆ ಬಂದು ನಿಂತರು.

"ಹಾಲು, ಬಾದಾಮಿ, ಎರಡು ಹೊತ್ತು ಮುದ್ದೆ ಅಡಿಕೆ ಸಾಹುಕಾರ್ರ ಮನೆಯಿಂದ ಬತ್ತದೆ. ಮಲಗಕ್ಕೆ ಗರಡಿ ಐತೆ. ನಮ್ಮ ಪೈಲ್ವಾನ್ನಿಗೆ ಜೋಡಿ ಬೇಕು," ಎಂದರು.

"ತರೀಕೆರೇಲಿ ಆಳಿಲ್ವಾ ವಸ್ತಾದ್ರೇ?"

"ಇದ್ರು," ಎಂದರು.

ಇದ್ದವರು ಏನಾದರು ಎಂಬುದು ತರೀಕೆರೆಗೆ ಹೋದ ಮೇಲೆ ತಿಳಿಯಿತು. ನನಗಿಂತ ಹಿಂದಿನ ಜೋಡಿ ಎಣ್ಣೆ ಗಾಣ ನಡೆಸುವವನು. ಅವನ ಎಡಗೈ ಭುಜದಿಂದ ಮೇಲೆ ಏಳುತ್ತಿರಲಿಲ್ಲ. ರುಮಾಲನ್ನು ಹೆಂಡತಿಯೇ ಸುತ್ತಿಕೊಡಬೇಕಾಗಿತ್ತು. ಅವನಿಗಿಂತ ಹಿಂದಿನವನು ಊರನ್ನೇ ಬಿಟ್ಟಿದ್ದ. ತಾಲೀಮಿನಲ್ಲಿ ನೋವು ತಡೆಯಲಾರದವನು ಅಂಗೈಯಿಂದ ನೆಲ ತಟ್ಟುತ್ತಾನೆ. ತಟ್ಟಿದರೆ ಮೇಲಿದ್ದವನು ಬಿಡಬೇಕು. ತರೀಕೆರೆ ಗರಡಿಯಲ್ಲಿ ಹನುಮಂತನ ಗೂಡಿನ ಮುಂದೆ ಸೇರುವ ಪ್ರತಿಯೊಬ್ಬನೂ ಮೊದಲ ದಿನ ಇದನ್ನು ಒಪ್ಪಿಯೇ ಮಟ್ಟಿಗೆ ಇಳಿಯುತ್ತಾನೆ. ನಮ್ಮ ಪೈಲ್ವಾನನೂ ಒಪ್ಪಿದ್ದ. ಆದರೆ ಬಿಡುತ್ತಿರಲಿಲ್ಲ.

ಅವನಿಗೆ ಮೂವತ್ತು ದಾಟಿತ್ತು. ಮೈಸೂರಿನ ದಸರಾ ಕುಸ್ತಿಗೆ ಹೋಗುವ ಅವಕಾಶ ಹಿಂದೆ ಎರಡು ಸಲ ಕೈತಪ್ಪಿತ್ತು. ಈ ಸಲ ಕಡೂರಿನಲ್ಲಿ ಅಜ್ಜಂಪುರದವನಿಗೂ ಇವನಿಗೂ ನಡೆಯುವ ಕುಸ್ತಿಯಲ್ಲಿ ಗೆದ್ದವನ ಹೆಸರನ್ನು ತಾಲ್ಲೂಕಿನ ಅಮಲ್ದಾರರು ಮೈಸೂರಿಗೆ ಬರೆಯುವುದೆಂದು ಮಾತಾಗಿತ್ತು. ಇದೂ ತಪ್ಪಿದರೆ ಅವನಿಗೆ ಮತ್ತೊಂದು ಸಲ ಇರಲಿಲ್ಲ. ಅದು ಅವನಿಗೂ ಗೊತ್ತಿತ್ತು, ಊರಿಗೂ ಗೊತ್ತಿತ್ತು.

ಮೊದಲ ದಿನ ಅವನು ನನ್ನ ಹೆಸರು ಕೇಳಲಿಲ್ಲ.

"ಲೇ ಕಡೂರಾ, ಎಷ್ಟು ದಿನ ಇರ್ತೀಯ?"

"ಕುಸ್ತಿ ಮುಗಿಯೋವರ್ಗೂ ಪೈಲ್ವಾನ್ರೇ."

"ಮೂಳೆ ಮುರಿಯೋವರ್ಗೂ ಅನ್ನು."

ಸುತ್ತ ಇದ್ದವರು ನಕ್ಕರು. ಆಮೇಲಿನ ತಿಂಗಳುಗಳಲ್ಲಿ ಅವನು ನನ್ನನ್ನು ಬೇರೆ ಹೆಸರಿನಿಂದ ಕರೆದದ್ದಿಲ್ಲ.

ನಸುಕಿಗೆ ಎದ್ದು ಮಟ್ಟಿಯನ್ನು ಗುದ್ದಲಿಯಿಂದ ಅಗೆದು, ಹರಳು ಆರಿಸಿ, ಮಜ್ಜಿಗೆ ಎಳ್ಳೆಣ್ಣೆ ಅರಿಶಿನ ಹಾಕಿ ಕೈಯಿಂದ ಮಿದಿಯುವುದು ಜೋಡಿಯ ಕೆಲಸ. ಆಮೇಲೆ ಬೀಳುವುದು. ಜೋಡಿ ಎಂದರೆ ಗೆಲ್ಲಲು ಇಟ್ಟುಕೊಂಡ ಆಳಲ್ಲ. ಪೈಲ್ವಾನನಿಗೆ ಎಷ್ಟು ಬಲ ಎದುರು ಬೇಕೋ ಅಷ್ಟನ್ನು ಕೊಡಬೇಕು. ಹೆಚ್ಚು ಕೊಟ್ಟರೆ ಅವನು ಪಟ್ಟು ಕಲಿಯುವುದಿಲ್ಲ, ಕಡಿಮೆ ಕೊಟ್ಟರೆ ಸುಳ್ಳು ಪಟ್ಟು ಕಲಿಯುತ್ತಾನೆ. ಬಿದ್ದಾಗ ಯಾವ ಕಾಲು ತಪ್ಪಿತು ಎಂದು ಅವನಿಗೆ ಹೇಳಬೇಕು, ಅವನು ಕೇಳದಿದ್ದರೂ. ತಾಲೀಮು ಮುಗಿದ ಮೇಲೆ ಕೆಡವಿದವನು ಬಿದ್ದವನ ಬೆನ್ನಿನ ಮಣ್ಣು ಒರೆಸಿ ಕೊಡುವುದು ಎಲ್ಲ ಗರಡಿಗಳ ಮರ್ಯಾದೆ. ನಮ್ಮ ಪೈಲ್ವಾನ ಒಂದು ದಿನವೂ ನನ್ನ ಬೆನ್ನು ಒರೆಸಲಿಲ್ಲ. ನಾನು ಗೋಡೆಗೆ ಉಜ್ಜಿಕೊಳ್ಳುತ್ತಿದ್ದೆ.

ಅವನಿಗೆ ಹೆಸರು ತಂದ ಪಟ್ಟು ಒಂದಿತ್ತು. ಎದುರಾಳಿಯನ್ನು ಬೋರಲು ಕೆಡವಿ, ಬೆನ್ನ ಮೇಲೆ ಮಂಡಿಯೂರಿ, ಅವನ ಎಡಗೈಯನ್ನು ಮಣಿಕಟ್ಟಿನಲ್ಲಿ ಹಿಡಿದು ಬೆನ್ನ ಹಿಂದಿನಿಂದ ಮೇಲಕ್ಕೆ ತಿರುವುವುದು. ನೋವು ಏರಿದಂತೆ ಕೆಳಗಿನವನು ತಾನಾಗಿ ಹೊರಳುತ್ತಾನೆ. ಹೊರಳಿ ಎರಡು ಭುಜವೂ ನೆಲಕ್ಕೆ ತಗುಲಿದರೆ ಚಿತ್, ಅಲ್ಲಿಗೆ ಸೋಲು. ಮೊದಲ ಸಲ ಅವನು ಆ ಪಟ್ಟು ಹಾಕಿದಾಗ ನಾನು ತಟ್ಟಿದೆ. ಅವನು ಇನ್ನಷ್ಟು ಏರಿಸಿದ. ಮತ್ತೆ ತಟ್ಟಿದೆ. ಭುಜದೊಳಗೆ ಹಸಿ ಕಟ್ಟಿಗೆ ಸೀಳಿದಂಥ ಸದ್ದು ನನಗೇ ಕೇಳಿಸಿತು. ವಸ್ತಾದರು ಬೆತ್ತದಿಂದ ಅವನ ಬೆನ್ನಿಗೆ ಹೊಡೆದ ಮೇಲೆ ಕೈ ಸಡಿಲಾಯಿತು.

"ಕೇಳಿಸ್ಲಿಲ್ಲ," ಎಂದ.

ಆ ಸಂಜೆ ಗರಡಿಯ ಜಗಲಿಯಲ್ಲಿ ಬಟ್ಟೆ ಗಂಟು ಕಟ್ಟುತ್ತ ಕೂತಿದ್ದೆ. ಗಾಣದವನು ನನ್ನ ಭುಜಕ್ಕೆ ಹಚ್ಚಲು ಹರಳೆಣ್ಣೆ ತಂದಿದ್ದ.

"ಓಡೋಗು ಕಣೋ. ನಿಂಗಿನ್ನೂ ಮದ್ವೆ ಆಗಿಲ್ಲ, ರುಮಾಲು ಸುತ್ತಕ್ಕೆ ಯಾರವ್ರೆ?" ಎಂದ.

ನಗು ಬರಲಿಲ್ಲ. ಅವನೇ ಮುಂದುವರಿಸಿದ: "ನಾನು ಬಿಡಿಸ್ಕೊಳ್ಳಕ್ಕೆ ಕೊಸರಾಡ್ದೆ. ಕೊಸರಾಡ್ದಷ್ಟೂ ಬಿಗಿ ಮಾಡ್ದ. ದುಷ್ಟತನ ಅಂತೀಯ? ಅಲ್ಲ. ಸಿಕ್ಕಿದ್ದು ಹೋಗ್ಬಿಡ್ತದೆ ಅನ್ನೋ ಹೆದ್ರಿಕೆ ಅವನ್ಗೆ. ಎರಡು ಸಲ ಹೋಗೈತಲ್ಲ."

ಗಂಟನ್ನು ಬಿಚ್ಚಿದ್ದು ಧೈರ್ಯದಿಂದಲ್ಲ. ಆ ಮಾತನ್ನು ಪರೀಕ್ಷೆ ಮಾಡಿ ನೋಡಬೇಕು ಅನ್ನಿಸಿತು. ಬಿಟ್ಟರೆ ಹೋಗಿಬಿಡುತ್ತದೆ ಎಂದು ಅವನು ಬಿಡುತ್ತಿಲ್ಲ. ಹಾಗಾದರೆ ಬಿಟ್ಟರೂ ಹೋಗುವುದಿಲ್ಲ ಎಂದು ಅವನ ಕೈಗೆ ತೋರಿಸಬೇಕು. ತಲೆಗೆ ಹೇಳಿ ಪ್ರಯೋಜನವಿರಲಿಲ್ಲ. ವಸ್ತಾದರು ವರ್ಷಗಟ್ಟಲೆ ತಲೆಗೇ ಹೇಳಿದ್ದರು.

ಮಾರನೆಯ ಬೆಳಿಗ್ಗೆಯಿಂದ ನಾನು ಹೀಗೆ ಮಾಡಿದೆ. ಪಟ್ಟು ಬಿದ್ದ ತಕ್ಷಣ, ನೋವು ಇನ್ನೂ ಏರುವ ಮೊದಲೇ ತಟ್ಟಿದೆ. ಬೆತ್ತ ಹಿಡಿದು ವಸ್ತಾದರು ಪಕ್ಕದಲ್ಲೇ ನಿಂತಿದ್ದರು, ಅವನು ಅಸಹ್ಯದಿಂದ ಬಿಟ್ಟ. ನಾನು ಹೊರಳಲಿಲ್ಲ, ಏಳಲಿಲ್ಲ. ಬೋರಲಾಗಿಯೇ ಇದ್ದು ನನ್ನ ಎಡಗೈಯನ್ನು ನಾನೇ ಬೆನ್ನ ಹಿಂದೆ ತಂದು ಅವನ ಅಂಗೈಯಲ್ಲಿಟ್ಟೆ.

"ಏನ್ಲಾ ಇದು? ಹಸು ಕೆಚ್ಚಲು ಒಡ್ಡಿದಂಗೆ ಕೈ ಒಡ್ಡ್ತೀಯ?"

"ಬಿಟ್ರೆ ಮತ್ತೆ ಸಿಕ್ತದೆ ಪೈಲ್ವಾನ್ರೇ. ಬಿಡ್ದಿದ್ರೆ ನಾಳೆ ನಾನಿರಲ್ಲ. ಯಾರ ಕೈ ಹಿಡೀತೀರಾ?"

ಅವನು ಉಗುಳಿ ಮತ್ತೆ ಹಿಡಿದ. ಮತ್ತೆ ತಟ್ಟಿದೆ. ಬಿಟ್ಟ. ಮತ್ತೆ ಕೊಟ್ಟೆ. ಹಿಂದೆ ಒಂದು ಬೆಳಿಗ್ಗೆಗೆ ನಾಲ್ಕೈದು ಸಲ ಹಾಕುತ್ತಿದ್ದ ಪಟ್ಟನ್ನು ಈಗ ಅವನು ಲೆಕ್ಕವಿಲ್ಲದಷ್ಟು ಸಲ ಹಾಕತೊಡಗಿದ. ಬಲದಿಂದ ಹಾಕುತ್ತಿದ್ದದ್ದು ನಿಧಾನವಾಗಿ ನಯವಾಯಿತು. ಮಂಡಿ ಎಲ್ಲಿ ಊರಬೇಕೋ ಅಲ್ಲೇ ಊರಿತು. ದೀಪಾವಳಿಯ ಹೊತ್ತಿಗೆ ಬೆತ್ತ ಬೇಕಾಗಲಿಲ್ಲ. ಮಾರ್ಗಶಿರದ ಚಳಿ ಬೀಳುವ ಹೊತ್ತಿಗೆ ನನ್ನ ಅಂಗೈ ನೆಲಕ್ಕೆ ತಗುಲಿದ ಸದ್ದು ಮುಗಿಯುವ ಮೊದಲೇ ಅವನ ಎರಡು ಕೈಗಳೂ ತೆರೆದಿರುತ್ತಿದ್ದವು. ತೆರೆದು, ಮಂಡಿಯೂರಿ, ನನ್ನ ಕೈ ಮತ್ತೆ ಬರುವುದನ್ನು ಕಾಯುತ್ತಿದ್ದ.

"ಪಳಗ್ದ," ಎಂದರು ವಸ್ತಾದರು. "ನಾನು ಹತ್ತು ವರ್ಷದಾಗೆ ಮಾಡ್ಲಾರ್ದನ್ನ ನೀನು ಒಂದು ಚಳಿಗಾಲದಾಗೆ ಮಾಡ್ದೆ."

ನನ್ನ ಬೆನ್ನು ಮಾತ್ರ ಅವನು ಒರೆಸಲಿಲ್ಲ. ಸಾಹುಕಾರರ ಮನೆಯಿಂದ ಬಂದ ಹಾಲನ್ನು ಮೊದಲು ತಾನು ಕುಡಿದು, ಉಳಿದದ್ದನ್ನು ನನ್ನ ಕಡೆಗೆ ಕಾಲಿನಿಂದ ತಳ್ಳುತ್ತಿದ್ದ.

ಕುಸ್ತಿಯ ದಿನ ಮೂರು ಊರಿನ ಜನವೂ ಸೇರಿದ್ದರು. ಅಮಲ್ದಾರರು ಚಪ್ಪರದ ಕೆಳಗೆ ಕುರ್ಚಿಯಲ್ಲಿದ್ದರು. ತೀರ್ಪಿಗೆ ಇಬ್ಬರು ಪಂಚರು, ಒಂದೊಂದು ಕಡೆಯಿಂದ ಒಬ್ಬೊಬ್ಬ ಹಳೆಯ ಪೈಲ್ವಾನ. ಕಣ್ಣಿಗೆ, ಗಂಟಲಿಗೆ ಕೈ ಹಾಕಬಾರದು, ಚಿತ್ ಆದರೆ ಮುಗಿಯಿತು ಎಂದು ಇಬ್ಬರೂ ಕೂಗಿ ಹೇಳಿದರು. ನೆಲ ತಟ್ಟುವ ವಿಷಯ ಯಾರೂ ಎತ್ತಲಿಲ್ಲ. ತರೀಕೆರೆಯಲ್ಲಿ ಪಂದ್ಯದಲ್ಲೂ ತಟ್ಟಿದರೆ ಸೋತಂತೆ. ಅಜ್ಜಂಪುರದಲ್ಲಿ ತಟ್ಟುವುದು ತಾಲೀಮಿಗೆ ಮಾತ್ರ. ಪಂದ್ಯದಲ್ಲಿ ಅದಕ್ಕೆ ಬೆಲೆಯಿಲ್ಲ. ತಮ್ಮ ಗರಡಿಯ ಪದ್ಧತಿಯೇ ಎಲ್ಲರ ಪದ್ಧತಿ ಎಂದು ಎರಡು ಕಡೆಯವರೂ ತಿಳಿದಿದ್ದರು.

ಅಜ್ಜಂಪುರದವನು ನನಗಿಂತ ಚಿಕ್ಕ ವಯಸ್ಸಿನವನು, ಗಿಡ್ಡ, ಕತ್ತು ದಪ್ಪ. ಕೈಗೆ ಮಣ್ಣು ಕೊಡುವಾಗ, "ನಿಮ್ಮವನು ಕೈ ಮುರೀತಾನಂತಲ್ಲಣ್ಣ, ನಿಜವಾ?" ಎಂದು ಕೇಳಿದ. ಮೂಲೆಯಲ್ಲಿ ನಿಂತ ಜೋಡಿ ಕುಸ್ತಿಯ ಮಾತಾಡುವಂತಿರಲಿಲ್ಲ. ಅವನ ಅಂಗೈಗೆ ಇನ್ನೊಂದು ಹಿಡಿ ಮಣ್ಣು ಸುರಿದೆ.

ಬಹಳ ಹೊತ್ತು ಇಬ್ಬರೂ ಕತ್ತು ಹಿಡಿದು ನೂಕಾಡಿದರು. ಆಮೇಲೆ ನಮ್ಮವನು ಕಾಲು ಎಳೆದು ಅವನನ್ನು ಬೋರಲು ಕೆಡವಿದ. ಮಂಡಿ ಊರಿದ. ಎಡಗೈ ಹಿಡಿದು ತಿರುವಿದ. ತರೀಕೆರೆಯವರು ಆಗಲೇ ರುಮಾಲು ಎಸೆಯತೊಡಗಿದ್ದರು. ಪಟ್ಟು ನಾನು ಕಂಡ ಎಲ್ಲ ಸಲಕ್ಕಿಂತ ಚೆನ್ನಾಗಿ ಕೂತಿತ್ತು.

ಆಗ ಕೆಳಗಿನವನ ಬಲಗೈ ನೆಲಕ್ಕೆ ಬಿತ್ತು. ಎದ್ದಿತು. ಮತ್ತೆ ಬಿತ್ತು. ಎರಡನೆಯ ಸಲ ಬಿದ್ದಾಗ ಬೆರಳುಗಳು ಮಡಚಿದವು. ತಟ್ಟುವ ಕೈಯ ಬೆರಳು ಮಡಚುವುದಿಲ್ಲ. ಬೆವರಿಗೆ ಜಾರುವ ಅಂಗೈಗೆ ಹಿಡಿತ ಬರಲೆಂದು ಕುಸ್ತಿಯಾಳು ಮಣ್ಣು ಹಿಡಿಯುವುದು ಹಾಗೆ. ಮುಷ್ಟಿ ಮೇಲೆ ಬಂದಾಗ ಬೆರಳ ಸಂದಿಯಿಂದ ಮಣ್ಣು ಉದುರಿದ್ದನ್ನು ನಾನು ಕಂಡೆ.

ನಮ್ಮ ಪೈಲ್ವಾನ ಬಿಟ್ಟಿದ್ದ. ಎರಡು ಕೈಗಳನ್ನೂ ತೆರೆದು ಮಂಡಿಯೂರಿದ್ದ. ಗೆದ್ದೆ ಎಂದು ಎದ್ದು ನಿಲ್ಲಲಿಲ್ಲ, ಪಂಚರ ಕಡೆ ನೋಡಲಿಲ್ಲ. ಕಾಯುತ್ತಿದ್ದ. ಕೆಳಗಿನವನು ತನ್ನ ಎಡಗೈಯನ್ನು ತಾನೇ ತಂದು ಕೊಡಲೆಂದು ಕಾಯುತ್ತಿದ್ದ. ಆ ಬಯಲಿನಲ್ಲಿ ಅದು ಏನೆಂದು ತಿಳಿದದ್ದು ನನಗೆ ಮತ್ತು ವಸ್ತಾದರಿಗೆ ಮಾತ್ರ.

ಅಜ್ಜಂಪುರದವನು ಸರಕ್ಕನೆ ಒಳಕ್ಕೆ ತಿರುಗಿ, ಮಣ್ಣು ಹಿಡಿದ ಕೈಯಿಂದ ಇವನ ಮಣಿಕಟ್ಟು ಕಚ್ಚಿ ಹಿಡಿದು, ಕಾಲು ಹೆಣೆದು ಬೆನ್ನ ಮೇಲೆ ಕೆಡವಿದ. ಎರಡು ಭುಜವೂ ನೆಲಕ್ಕೆ ಬಿದ್ದವು. ಚಿತ್.

ತರೀಕೆರೆಯ ಪಂಚ, ತಟ್ಟಿದಾಗಲೇ ಅಜ್ಜಂಪುರದವನು ಸೋತ ಎಂದ. ಅಜ್ಜಂಪುರದ ಪಂಚ, ತಟ್ಟಲೇ ಇಲ್ಲ, ತಟ್ಟಿದ್ದರೂ ಲೆಕ್ಕಕ್ಕಿಲ್ಲ ಎಂದ. ಜನ ಮಟ್ಟಿಯೊಳಕ್ಕೆ ನುಗ್ಗಿದರು. ಪೊಲೀಸಿನವರು ಲಾಠಿ ಅಡ್ಡ ಹಿಡಿದರು. ಅಮಲ್ದಾರರು ಎದ್ದು ನಿಂತು, ಮೊದಲು ತಟ್ಟಿದ್ದು ಹೌದೋ ಅಲ್ಲವೋ ತಿಳಿಯಲಿ, ಕೈಗೆ ಹತ್ತಿರ ಇದ್ದವರು ಯಾರು ಎಂದು ಕೇಳಿದರು. ಅಜ್ಜಂಪುರದ ಜೋಡಿ ನಮ್ಮ ಮೂಲೆಯಲ್ಲಿದ್ದ. ಅವನಿಗೆ ಇಬ್ಬರ ಮೈಗಳು ಅಡ್ಡವಾಗಿದ್ದವು. ಪಂಚರಿಬ್ಬರೂ ತಲೆಯ ಕಡೆ ಇದ್ದರು, ಭುಜ ನೋಡುತ್ತಿದ್ದರು. ಉಳಿದವನು ನಾನು.

ಚಪ್ಪರದ ಕಡೆಗೆ ನಡೆಯುವಾಗ ವಸ್ತಾದರು ಪಕ್ಕಕ್ಕೆ ಬಂದರು. "ತಟ್ಟಿದ ಅಂತ ಒಂದ್ ಮಾತು ಕಣಪ್ಪಾ. ಅಷ್ಟೇ. ಅವನ್ಗೆ ಇನ್ನೊಂದ್ಸಲ ಇಲ್ಲ," ಎಂದರು. ಅವರ ದನಿಯಲ್ಲಿ ಬೆದರಿಕೆ ಇರಲಿಲ್ಲ. ಅದೇ ಕಷ್ಟವಾಯಿತು.

ಹಿಂದಿನಿಂದ ಯಾರೋ ಕೂಗಿದರು: "ಲೇ ಕಡೂರಾ, ಯಾರ ಮುದ್ದೆ ತಿಂದಿದ್ದೀಯ ನೋಡ್ಕೊಂಡು ಮಾತಾಡು."

"ನೀನು ಯಾವ ಕಡೆಯವನಯ್ಯಾ?" ಎಂದರು ಅಮಲ್ದಾರರು.

"ತರೀಕೆರೆ ಪೈಲ್ವಾನರ ಜೋಡಿ ಸ್ವಾಮಿ."

"ಕಂಡದ್ದನ್ನು ಕಂಡಷ್ಟೇ ಹೇಳು. ತಟ್ಟಿದನೋ?"

ಮೊದಲ ಸಲ ಬಿದ್ದಾಗ ಬೆರಳು ಹೇಗಿದ್ದವು ಎಂದು ನೆನಪು ಮಾಡಿಕೊಂಡೆ. ಅದು ನನಗೆ ಸ್ಪಷ್ಟವಿರಲಿಲ್ಲ, ಈಗಲೂ ಇಲ್ಲ. ಎರಡನೆಯದು ಸ್ಪಷ್ಟವಿತ್ತು.

"ಕೈ ಎರಡು ಸಲ ಬಿತ್ತು ಸ್ವಾಮಿ. ಎರಡನೇ ಸಲ ಬೆರಳು ಮಡಚಿದವು. ಮಣ್ಣು ಹಿಡಿದ. ಬಿಡು ಅಂತ ತಟ್ಟಿದ್ದಲ್ಲ."

ಅವರು ಮಾಡಿ ತೋರಿಸು ಎಂದರು. ನಾನು ಅಲ್ಲೇ ಬೋರಲು ಮಲಗಿ ಬಲಗೈಯಿಂದ ತೋರಿಸಿದೆ, ತಟ್ಟುವುದು ಹೀಗೆ, ಹಿಡಿಯುವುದು ಹೀಗೆ. ಏಳುವಷ್ಟರಲ್ಲಿ ಮೊದಲ ಕಲ್ಲು ನನ್ನ ಸೊಂಟಕ್ಕೆ ಬಿತ್ತು. ಅಜ್ಜಂಪುರದವನು ಗೆದ್ದ ಎಂದು ಅಮಲ್ದಾರರು ಹೇಳಿದ್ದು ಗದ್ದಲದಲ್ಲಿ ನನಗೆ ಕೇಳಿಸಲೇ ಇಲ್ಲ.

ಜನ ಚದುರಿದ ಮೇಲೂ ಪೈಲ್ವಾನನ ಬಟ್ಟೆ ನನ್ನ ಹೆಗಲ ಮೇಲೇ ಇತ್ತು. ಅವನು ಲಂಗೋಟಿಯ ಮೇಲೆ ಕಂಬಳಿ ಹೊದ್ದು ಸ್ಟೇಷನ್ನಿಗೆ ಹೋಗಿದ್ದ. ಬೇರೆಯವರ ಕೈಯಲ್ಲಿ ಕಳಿಸಬಹುದಿತ್ತು. ಜೋಡಿಯಾದವನು ತಾನು ಇಸಿದುಕೊಂಡ ಬಟ್ಟೆಯನ್ನು ತಾನೇ ಕೊಡಬೇಕು, ಅದಕ್ಕೆ ಹೋದೆ.

ಸಂಜೆಯ ಗಾಡಿಗೆ ತರೀಕೆರೆಯವರು ಪ್ಲಾಟ್‌ಫಾರಮ್ಮಿನ ಕೊನೆಯಲ್ಲಿ ನಿಂತಿದ್ದರು. ಗಾಣದವನೂ ಇದ್ದ. ನಾನು ಬಟ್ಟೆ ಚಾಚಿದೆ. ಪೈಲ್ವಾನ ತೆಗೆದುಕೊಳ್ಳಲಿಲ್ಲ.

"ಬಿಡೋದ್ನ ಕಲಿಸ್ದೆ," ಎಂದ. "ಬಿಟ್ಟೆ. ಬಿಟ್ಟಿದ್ದೇ ತಪ್ಪು ಅಂತ ಅಮಲ್ದಾರ್ರ ಮುಂದೆ ಹೇಳ್ದೆ."

"ತಪ್ಪು ಅಂತ ಹೇಳ್ಲಿಲ್ಲ ಪೈಲ್ವಾನ್ರೇ. ಬೆರಳು ಮಡಚಿದ ಅಂದೆ."

ಬಟ್ಟೆ ಕೆಳಗೆ ಬಿತ್ತು. ಅವನು ನನ್ನ ಎಡಗೈ ಹಿಡಿದು ತಿರುವಿ, ಸ್ಟೇಷನ್ನಿನ ಮರದ ಬೇಲಿಗೆ ನನ್ನ ಮುಖ ಒತ್ತಿದ. ಅದೇ ಪಟ್ಟು. ನಾನೇ ತಿದ್ದಿ ನಯ ಮಾಡಿದ ಪಟ್ಟು, ಎಲ್ಲಿಯೂ ಸಂದಿ ಇರಲಿಲ್ಲ. ಇಲ್ಲಿ ಬೆತ್ತವಿರಲಿಲ್ಲ, ಹನುಮಂತನ ಗೂಡಿರಲಿಲ್ಲ. ವಸ್ತಾದರು ದೂರದಲ್ಲಿ ಬೆನ್ನು ಹಾಕಿ ನಿಂತಿದ್ದರು.

"ಮುರಿ ಕಣೋ," ಎಂದ ಒಬ್ಬ. "ಮೂಟೆ ಹೊರೋ ಕೈ ಅಲ್ವಾ, ಮುರಿ."

ಭುಜದೊಳಗಿನ ಆ ಹಳೆಯ ಸದ್ದು ಶುರುವಾಯಿತು. ನನ್ನ ಬಲ ಅಂಗೈ ಬೇಲಿಯ ಹಲಗೆಯ ಮೇಲಿತ್ತು. ನಾನು ತಟ್ಟಿದೆ.

ಕೈ ಬಿಟ್ಟಿತು.

ತಿರುಗಿ ನೋಡಿದಾಗ ಅವನ ಮುಖದಲ್ಲಿ ಸಿಟ್ಟು ಒಂದಿಷ್ಟೂ ಇಳಿದಿರಲಿಲ್ಲ. ಹಲ್ಲು ಕಚ್ಚಿದ್ದ. ಕೈಗಳು ಮಾತ್ರ ತೆರೆದು ಮುಂದಕ್ಕೆ ಚಾಚಿದ್ದವು, ಕಾಯುತ್ತಿದ್ದವು. ಈ ಸಲ ನಾನು ಕೈ ಕೊಡಲಿಲ್ಲ. ಅವನು ತನ್ನ ಅಂಗೈಗಳನ್ನು ತಿರುಗಿಸಿ ನೋಡಿಕೊಂಡ, ಬೇರೆ ಯಾರದೋ ಎನ್ನುವಂತೆ.

"ನೋಡ್ರೋ," ಎಂದ ತನ್ನವರಿಗೆ. "ನನ್ ಕೈ ನನ್ ಮಾತು ಕೇಳಲ್ಲ."

ಯಾರೂ ನಗಲಿಲ್ಲ. ಗಾಡಿ ಬಂತು. ಗಾಣದವನು ಬಟ್ಟೆಗಳನ್ನು ಎತ್ತಿ, ಧೂಳು ಕೊಡವಿ, ಬಲಗೈಯಲ್ಲಿ ಹಿಡಿದು ಹತ್ತಿದ.

ನನ್ನ ಹಾಸಿಗೆ, ಗಂಟು ತರೀಕೆರೆ ಗರಡಿಯಲ್ಲೇ ಉಳಿದವು. ಆಮೇಲೆ ನಾನು ಆ ಊರಿನಲ್ಲಿ ಇಳಿದಿಲ್ಲ. ನನ್ನ ಎರಡು ಕೈಗಳೂ ಭುಜದಿಂದ ಮೇಲೆ ಏಳುತ್ತವೆ.

ವಸ್ತಾದರು ಹೋದರು. ಪಂಚರಿಬ್ಬರೂ ಹೋದರು. ಅಮಲ್ದಾರರು ವರ್ಗವಾಗಿ ಹೋದ ಊರಿನಲ್ಲೇ ತೀರಿಕೊಂಡರು ಎಂದು ಕೇಳಿದ್ದೇನೆ. ಹತ್ತಿರದಿಂದ ಕಂಡವರಲ್ಲಿ ನನ್ನನ್ನು ಬಿಟ್ಟರೆ ಬದುಕಿರುವವರು ಮೂವರು. ಗಾಣದವನು ಇದ್ದಾನೆ, ಪ್ಲಾಟ್‌ಫಾರಮ್ಮಿನಲ್ಲಿ ನಡೆದದ್ದಕ್ಕೆ ಅವನು ಸಾಕ್ಷಿ. ಅಜ್ಜಂಪುರದವನು ಇದ್ದಾನೆ. ಒಮ್ಮೆ ಬೀರೂರು ಸಂತೆಯಲ್ಲಿ ಸಿಕ್ಕಾಗ ಆ ಕೈಯ ವಿಷಯ ಕೇಳಿದೆ. "ಭುಜ ಹೋಯ್ತು ಅನ್ನಿಸ್ತಿತ್ತು ಕಣಣ್ಣ. ಕೈ ಏನು ಮಾಡ್ತೋ ಗ್ಯಾಪಕ ಇಲ್ಲ," ಎಂದ. ಆ ಮಾತು ನನ್ನನ್ನು ಅಲುಗಿಸಿತು. ಆದರೆ ನಾನು ಕಂಡ ಬೆರಳುಗಳನ್ನು ಬದಲಾಯಿಸಲಿಲ್ಲ.

ಮೂರನೆಯವನು ಪೈಲ್ವಾನ. ತರೀಕೆರೆ ಗರಡಿಗೆ ಈಗ ಅವನೇ ವಸ್ತಾದ್. ಅವನು ವಸ್ತಾದನಾದ ಮೇಲೆ ಅಲ್ಲಿ ಯಾರ ಕೈಯೂ ಮುರಿದಿಲ್ಲವಂತೆ. ಅಂದು ತಟ್ಟಿದ ಎಂದೇ ಅವನು ಇಂದಿಗೂ ಹೇಳುತ್ತಾನೆ, ನನ್ನ ಹೆಸರು ಬಂದರೆ ಉಗುಳುತ್ತಾನೆ. ಅವನು ಬೆನ್ನ ಮೇಲಿದ್ದ. ಬೆರಳು ಅವನಿಗೆ ಕಾಣುವಂತಿರಲಿಲ್ಲ, ನೆಲದ ಸದ್ದು ಮಾತ್ರ ಕೇಳಿಸಿತ್ತು. ಅವನನ್ನೂ ಕೇಳಿ.